ಮೈಕು ಬೇಡದ ಕರೆ

ನವೆಂಬರ್ 9, ಭಾನುವಾರ

ಇವತ್ತೂ ಅದೇ ಕಪ್ಪು ವಿಂಡೋ, ಅದೇ ಕಮಾಂಡು. ಹಳೆಯ ಡೆಸ್ಕ್‌ಟಾಪ್ ಲಿನಕ್ಸ್ ಹಾಕಿದ ಮೇಲೆ ಚೆನ್ನಾಗಿ ಓಡುತ್ತಿದೆ. ಚಾಟ್ ಬ್ರೌಸರ್‌ನಲ್ಲೇ ಬರುತ್ತದೆ. ವಿಡಿಯೊ ಕಾಲ್ ಆ್ಯಪ್ ಮಾತ್ರ ಸತಾಯಿಸಿ ಸತಾಯಿಸಿ ಇನ್‌ಸ್ಟಾಲ್ ಆಯಿತು. ಕ್ಯಾಮೆರಾ ಓಕೆ. ನನ್ನ ಮುಖ ಕಂಡಿತು, ಹಣೆಗೆ ಹಿಟ್ಟು ಮೆತ್ತಿತ್ತು.

ಈ ವಿಡಿಯೊ ಕರೆ ಆಗಲೇಬೇಕು. ನಾದಿನಿ ಶೈಲಾಗೆ ಜಗಳೂರಿನ ಗಂಡು ಬಂದಿದೆ, ತಿಪ್ಪೇರುದ್ರಸ್ವಾಮಿ. ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು, ಇಬ್ಬರದೂ ಕೈಸನ್ನೆಯ ಭಾಷೆ. ಹೆಣ್ಣು ನೋಡಲು ಚನ್ನಗಿರಿಗೆ ಬಂದ ದಿನ ಹಿರಿಯರೇ ಮಾತಾಡಿ ಎದ್ದರು. ಇವರಿಬ್ಬರೂ ಉಪ್ಪಿಟ್ಟು ನೋಡುತ್ತಾ ಕೂತಿದ್ದರು. ಅವನ ಹತ್ತಿರ ಮಾತಾಡದೆ ಹೂಂ ಅನ್ನಲ್ಲ ಎಂದುಬಿಟ್ಟಳು ಶೈಲಾ. ಭಲೇ ಹುಡುಗಿ! ನಾನಾಗಿದ್ದರೆ ತಲೆಯಾಡಿಸಿರುತ್ತಿದ್ದೆ. ಮೊಬೈಲ್ ಹಿಡಿದರೆ ಒಂದು ಕೈ ಹೋಯಿತು, ಅರ್ಧ ಮಾತು ಹೋಯಿತು. ಅದಕ್ಕೇ ದೊಡ್ಡ ಪರದೆ.

ಮಾವನದು ಒಂದೇ ವರಾತ. “ಅಮಾಸೆ ಒಳಗೆ ಅವರಿಗೆ ಒಂದು ಮಾತು ಹೇಳ್ಬೇಕು ಶಿವಲೀಲಾ. ಇಲ್ಲಾಂದ್ರೆ ಬೇರೆ ಕಡೆ ನೋಡ್ತಾರಂತೆ.”

ನವೆಂಬರ್ 12

ಮೈಕ್ ಇಲ್ಲ! ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ’ ಎಂದು ತೋರಿಸುತ್ತದೆ. ಯಾರು ಡಮ್ಮಿಯೋ… ಅಪ್‌ಡೇಟ್, ರೀಸ್ಟಾರ್ಟ್, ಮತ್ತೆ ಅಪ್‌ಡೇಟ್. ಹಲೋ ಹಲೋ ಎಂದು ಗಂಟಲು ಕಟ್ಟಿತು. ಜಗಳೂರಿಗೆ ಮೆಸೇಜ್ — ಇವತ್ತು ಬೇಡ, ನಾಳೆ.

ನವೆಂಬರ್ 14

ಆ ‘ನಾಳೆ’ಯೂ ಆಗಲಿಲ್ಲ. ನಮ್ಮನೆಯವರು ಪೇಟೆಯಿಂದ ಹೊಸ ಮೈಕ್ ತಂದರು. ಅದೂ ಉಸಿರೆತ್ತಲಿಲ್ಲ.

ನವೆಂಬರ್ 16, ಭಾನುವಾರ

ಬೆಳಿಗ್ಗೆಯಿಂದ ಮೈಕ್ ಜೊತೆ ಗುದ್ದಾಟ. ಶೈಲಾ ಬಂದು ಏನು ಎಂದು ಸನ್ನೆ ಮಾಡಿದಳು. ಮೈಕ್ ತೋರಿಸಿ ಕೈಯಾಡಿಸಿದೆ. ಮೈಕನ್ನು ನೋಡಿದಳು, ನನ್ನನ್ನು ನೋಡಿದಳು. ತನ್ನ ಕಿವಿ ಮುಟ್ಟಿಕೊಂಡಳು. ಆಮೇಲೆ ನಕ್ಕಳು ನೋಡಿ… ನೆಲಕ್ಕೆ ಕೂತು ನಕ್ಕಳು.

ಅಯ್ಯೋ ನನ್ನ ಬುದ್ಧಿಗಿಷ್ಟು! ವಾರವಿಡೀ ಮನೆಮಂದಿಯೆಲ್ಲ ಹಲೋ ಹಲೋ!

ಆಗಲೇ ಕರೆ ಮಾಡಿದೆವು. ಅವನು ಬಂದ. ಕೈಗಳು ಶುರುವಾದವು. ಕಿವಿ ಇದ್ದವರೆಲ್ಲ ಹಿಂದೆ ಕೂತು ಪಿಳಿಪಿಳಿ. ಶೈಲಾ ಅಷ್ಟು ವೇಗವಾಗಿ ಮಾತಾಡುವುದನ್ನು ಕಂಡೇ ಇರಲಿಲ್ಲ. ನನ್ನ ಜೊತೆ ಮಗುವಿಗೆ ಹೇಳುವ ಹಾಗೆ ನಿಧಾನಕ್ಕೆ ಹೇಳುತ್ತಿದ್ದಳು, ಪಾಪ. ಎಷ್ಟು ಚೆಂದ ಅವಳು. ಕಣ್ಣು ತುಂಬಿತು.

“ಏನಂತೆ?” ಮಾವ ಕೇಳಿದರು. ಹೆತ್ತಪ್ಪನಿಗೆ ಮಗಳ ಭಾಷೆ ಬಾರದು.

ತಿಳಿದಷ್ಟು ಹೇಳಿದೆ. “ನಿಮ್ಮನೇಲಿ ಯಾರಿಗೆ ಕೈಮಾತು ಬರ್ತೈತೆ ಅಂತ ಕೇಳಿದ್ಲು. ಯಾರಿಗೂ ಇಲ್ಲ ಅಂದ. ನಿಮ್ಮವ್ವ ಕಲಿಯಾಕೆ ಶುರು ಮಾಡ್ಲಿ, ಆಮೇಲೆ ಹೂಂ ಅಂತೀನಿ ಅಂದ್ಲು.”

“ಅತ್ತೆಗೇ ಪರೀಕ್ಷೆ ಇಟ್ಲಾ? ಮುಗೀತು ಬಿಡು.”

ನನಗೂ ಹಾಗೇ ಅನ್ನಿಸಿತು. ಆದರೂ ಅವಳ ಧೈರ್ಯ!

ನವೆಂಬರ್ 19, ಸಂಜೆ

ನಾಳೆ ಅಮಾವಾಸ್ಯೆ. ಜಗಳೂರಿನಿಂದ ಸುದ್ದಿಯಿಲ್ಲ. ಮಾವ ಊಟ ಬಿಟ್ಟು ಕೂತಿದ್ದಾರೆ —

ಕರೆ ಬಂತು! ಹುಡುಗನಲ್ಲ. ಅವನ ತಾಯಿ ಬಂಗಾರಮ್ಮ, ಒಬ್ಬರೇ, ಕ್ಯಾಮೆರಾಗೆ ತೀರಾ ಹತ್ತಿರ. ಬೆರಳು ಕೂಡಿಸಿ ಬಾಯಿಗೆ ಒಯ್ದರು, ಹುಬ್ಬೇರಿಸಿದರು. ಊಟ ಆಯ್ತಾ? ತಪ್ಪಿತೇನೋ ಎಂದು ಇನ್ನೊಮ್ಮೆ ಮಾಡಿದರು. ಶೈಲಾ ಅಳುತ್ತಾ ನಗುತ್ತಾ ಉತ್ತರ ಕೊಡುತ್ತಿದ್ದಾಳೆ.

ಮಾವ ನನ್ನ ಪಕ್ಕ ಬಂದು ನಿಂತಿದ್ದಾರೆ. ಬರೆಯಲು ಬಿಡುತ್ತಿಲ್ಲ.

“ಶಿವಲೀಲಾ, ‘ಮಗಳೇ’ ಅನ್ನಾಕೆ ಕೈ ಹೆಂಗೆ ಹಿಡಿಬೇಕಮ್ಮಾ? ನಂಗೂ ಸ್ವಲ್ಪ…”