ಕಾಗೆ ಬಿಟ್ಟು ಬೇರೆ ಹಕ್ಕಿ

ಹೊಸ ಕಾಲನಿ, ತೋಡೂರು
ತಾ. 18-11-2001, ರವಿವಾರ

ಪ್ರೀತಿಯ ಆಯೀ,

ನಿನ್ನ ಮಂಡಿನೋವು ಹೇಗಿದೆ? ಹಟ್ಟಿಕೇರಿಯಲ್ಲಿ ಬೆಳಗಿನ ಥಂಡಿ ಶುರುವಾಗಿರಬೇಕು. ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಬಾಟಲಿ ಗೂಡಿನಲ್ಲೇ ಕೂತಿದೆಯೋ? ತಂಗೀ ಹೀರಾ, ಪತ್ರ ಓದಿ ಹೇಳುವವಳು ನೀನೇ ತಾನೆ. ಬೇಡವೆನಿಸಿದ ಸಾಲು ಹಾರಿಸುವ ಚಾಳಿ ನಿನಗೆ ಮೂರನೇ ಇಯತ್ತೆಯಿಂದ ಇದೆ. ಆಯಿಗೆ ಒಂದಕ್ಷರ ಬಿಡದೆ ಓದು. ನಾವಿಲ್ಲಿ ಕ್ಷೇಮ. ನಿನ್ನ ಸೊಸೆ ಮನಿಷಾ ನನ್ನ ಮೇಲೆ ಸಿಟ್ಟು ಮಾಡುವಷ್ಟು ಗಟ್ಟಿಯಾಗಿದ್ದಾಳೆ. ಆಯೀ, ದೀಪಾವಳಿಗಾದರೂ ನೀನು ಬರುತ್ತೀಯೆಂದು ರಸ್ತೆಗೆ ಹೋಗಿ ಅಂಕೋಲೆಯ ಮೂರು ಬಸ್ಸು ನೋಡಿದೆ. ಆಮೇಲೆ ಮನೆಗೆ ಬಂದು ಸುಮ್ಮನೆ ಎಲ್ಲರ ಮೇಲೂ ಹರಿಹಾಯ್ದೆ.

ನೌಕಾನೆಲೆಗೆ ಊರನ್ನೇ ಬಿಟ್ಟುಕೊಟ್ಟು ಈ ಕಾಲನಿಗೆ ಬಂದು ಹದಿನಾಲ್ಕು ತಿಂಗಳಾಯಿತು. ನೀನು ಇಲ್ಲಿಗೆ ಬಂದದ್ದು ಒಂದೇ ಸಲ. ಹಿತ್ತಿಲ ಬಾಗಿಲು ತೆಗೆದು ಬೋಳು ಕೆಂಪು ನೆಲ ನೋಡಿದವಳು, "ಕಾಗೆ ಬಿಟ್ಟು ಬೇರೆ ಹಕ್ಕಿ ಬಂದ್ ದಿನ ಹೇಳು, ಬತ್ತೆ" ಅಂದು, ಚೀಲವನ್ನೂ ಕೆಳಗಿಡದೆ ಹಟ್ಟಿಕೇರಿಗೆ, ಹೀರಾಳ ಮನೆಗೆ ಹೊರಟುಬಿಟ್ಟೆ. ಅಂದಿನಿಂದ ನನಗೆ ಇದೇ ಕೆಲಸ. ದಾಸವಾಳ ನೆಟ್ಟೆ, ಪಪ್ಪಾಯಿ ನೆಟ್ಟೆ, ಒಡೆದ ಮಡಕೆಯಲ್ಲಿ ನೀರಿಟ್ಟೆ. ಕೆಲಸಕ್ಕೆ ಹೋಗುವ ಕೈಗಾ ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಮಧುಕರನಿಗೆ ಹಕ್ಕಿಯ ಹುಚ್ಚು. ಕದ್ರಾದವರೆಗೂ ಅವನ ಬಾಯಲ್ಲಿ ಅದೇ ಮಾತು. ಅವನೇ ತನ್ನ ಉದ್ದ ಮೂತಿಯ ಕ್ಯಾಮೆರಾ ಕೊಟ್ಟು, ಮೂವತ್ತಾರು ಫೋಟೋಗಳ ಒಂದು ರೀಲು ಹಾಕಿಸಿ, "ಇದ್ದಲ್ಲಿಂದ ಹಂದ್ಬೇಡ, ಕೆಮ್ಬೇಡ, ಒಂದ್ ತಾಸು ಕೂತ್ಕ, ಬತ್ತವೆ" ಅಂದ. ಆಯೀ, ನನ್ನ ಗುಣ ನಿನಗೆ ಗೊತ್ತು. ಊಟಕ್ಕೆ ಕೂತರೂ ಒಂದು ಕಾಲು ಹೊಸ್ತಿಲ ಹೊರಗೇ ಇರುವವನು ನಾನು. ಐದು ನಿಮಿಷ ಕೂರುವುದು, ಎದ್ದು ನೀರಿನ ಮಡಕೆ ಸರಿಸುವುದು, ಮತ್ತೆ ಕೂರುವುದು. ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತುತ್ತೀರಿ, ಹಕ್ಕಿಯಲ್ಲ, ಹಲ್ಲಿಯೂ ಬರಲಿಕ್ಕಿಲ್ಲ ಎನ್ನುತ್ತಾಳೆ ಮನಿಷಾ.

ಕಳೆದ ತಿಂಗಳ ಒಂದು ರವಿವಾರ ನಡೆದದ್ದನ್ನು ಹೇಳಬೇಕು. ಸ್ಟೀಲಿನ ತಾಟು ಹೊಳೆದರೆ ಹಕ್ಕಿಗಳು ಹೆದರುತ್ತವೆ ಎಂದು ಮಧುಕರ ಹೇಳಿದ್ದ, ಅದಕ್ಕೆ ಬಾಳೆ ಎಲೆಯ ತುಂಡು ಹಾಸಿದೆ. ಬಿಳಿ ಅಂಗಿಯೂ ಆಗದಂತೆ, ಅದನ್ನೂ ಬಿಚ್ಚಿಟ್ಟೆ. ಆಗಷ್ಟೇ ಸ್ನಾನವಾಗಿತ್ತು, ತಲೆ ಒದ್ದೆ, ಸೊಂಟದಲ್ಲಿ ಪಂಚೆ. ಮನಿಷಾ ರಾತ್ರಿಯ ಅನ್ನವನ್ನು ಮುದ್ದೆ ಮಾಡಿ ಕೊಟ್ಟಳು. ಅದನ್ನು ಎಲೆಯ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, "ಬಾ, ಬಾ" ಅನ್ನುತ್ತ ನಿಂತೆ. ಬಂದದ್ದು ಕಾಗೆ. ಬೇಲಿಯಾಚೆ ನಮ್ಮ ಹಳೇ ಊರಿನ ಮಾಸ್ತಿಯಣ್ಣ ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. "ಏನಾ ದೇವಾ, ಆಯಿ ಹೋದ್ದು ಯಾವಾಗ? ನಮ್ಗೊಂದ್ ಮಾತ್ ಹೇಳೂಕಾಗ್ಲಿಲ್ವಾ ನಿಂಗೆ?" ಅಂದ. ನಾನು ಬಾಯಿ ತೆಗೆಯುವ ಮೊದಲೇ ಅವನ ಕಣ್ಣಲ್ಲಿ ನೀರು. ಸಂಜೆಯೊಳಗೆ ಇಬ್ಬರು ಹೆಂಗಸರು ಬಾಗಿಲಿಗೆ ಬಂದು ಮನಿಷಾಳನ್ನು ತಬ್ಬಿಕೊಂಡು ಅತ್ತರು. ನೀನು ಹಟ್ಟಿಕೇರಿಯಲ್ಲಿ ಮೀನು ಸಾರು ಉಣ್ಣುತ್ತ ಗಟ್ಟಿಮುಟ್ಟಾಗಿದ್ದೀ ಎಂದು ಮನೆಮನೆಗೆ ಹೋಗಿ ಹೇಳಿಬಂದೆ. ನಗು ಬರಬೇಕಿತ್ತು. ಸಿಟ್ಟು ಬಂತು, ಆಮೇಲೆ ಬಹಳ ಹೆದರಿಕೆಯಾಯಿತು. ಕಾಲನಿಯವರ ಲೆಕ್ಕದಲ್ಲಿ ನೀನು ಆಗಲೇ ಇಲ್ಲದವಳು. ಮಗ ಇದ್ದೂ ಆಯಿ ಈ ಮನೆಗೆ ಬರುವುದಿಲ್ಲವೆಂದರೆ ಅವರು ಬೇರೇನು ತಿಳಿದಾರು? ಅಂದಿನಿಂದ ನಿದ್ದೆಯೂ ಸರಿಯಾಗಿಲ್ಲ.

ಇರಲಿ. ರೀಲು ಮೊನ್ನೆ ಕಾರವಾರದಲ್ಲಿ ತೊಳೆಸಿದೆ. ಇದರೊಳಗೆ ಒಂದು ಫೋಟೋ ಇಟ್ಟಿದ್ದೇನೆ. ಪಿಕಳಾರ. ತಲೆಯ ಜುಟ್ಟು, ಬಾಲದ ಬುಡದ ಕೆಂಪು ಎಲ್ಲ ಸ್ಪಷ್ಟವಾಗಿವೆ. ಕಾಗೆಯಲ್ಲವಲ್ಲ, ನಿನ್ನ ಮಾತು ನೀನು ಉಳಿಸಿಕೊಳ್ಳಬೇಕು. ಹೀರಾ, ಆಯಿಗೆ ಕನ್ನಡಕ ಹಾಕಿಸಿ ತೋರಿಸು. ಭಾವನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು. ನಿನ್ನ ಕಾಲು ಮುಟ್ಟಿ ಈ ಪತ್ರ ಮುಗಿಸುತ್ತೇನೆ.

ನಿನ್ನ ಮಗ,
ದೇವಾನಂದ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಹೀರಾ, ಇದನ್ನು ಹಾರಿಸಬೇಡ. ಆಯೀ, ಆ ಪಿಕಳಾರ ನಮ್ಮ ಹಿತ್ತಿಲದ್ದಲ್ಲ, ಮಧುಕರನ ಮನೆಯದು. ನಮ್ಮಲ್ಲಿಗೆ ಇವತ್ತಿನವರೆಗೂ ಕಾಗೆ ಬಿಟ್ಟು ಒಂದೂ ಬಂದಿಲ್ಲ. ನೀನು ಬಾರದಿರುವುದು ಹಕ್ಕಿಗಾಗಿ ಅಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು. ಊರಿನ ಮನೆ ಬಿಟ್ಟುಕೊಡುವ ಕಾಗದಕ್ಕೆ ನಿನ್ನನ್ನು ಕೇಳದೆ ಸಹಿ ಹಾಕಿದೆ. ನೀನು ಒಳಗೆ ಅಕ್ಕಿ ಕೇರುತ್ತಿದ್ದೆ, ನಾನು ಜಗಲಿಯಲ್ಲೇ ಕೂತು ಸಹಿ ಮಾಡಿ ಕಳಿಸಿದೆ. ಊರು ಹೇಗೂ ಹೋಗುತ್ತಿತ್ತು. ಆದರೆ ಒಳಗೆ ಬಂದು ನಿನಗೊಂದು ಮಾತು ಹೇಳಲು ಹತ್ತು ಹೆಜ್ಜೆ ಸಾಕಿತ್ತು. ತಪ್ಪಾಯಿತು, ಆಯೀ. ಬರುವ ರವಿವಾರ ಒಂಬತ್ತರ ಬಸ್ಸಿಗೆ ನಿನ್ನನ್ನು ಕರೆದೊಯ್ಯಲು ನಾನೇ ಬರುತ್ತೇನೆ. ಬರುವುದಿಲ್ಲ ಅನ್ನುವುದಾದರೆ ನನ್ನ ಮುಖ ನೋಡಿ ಹೇಳು.