ನಡುಮನೆಯ ಹಸೆಗೋಡೆ

ಹೊನ್ನೆಮರಡು ಹತ್ತಿರ
೮-೨-೧೯೬೩

ತಂಗಿ ಗುತ್ಯಮ್ಮನಿಗೆ ಅಣ್ಣ ಕನ್ನಪ್ಪ ಮನಸಾರೆ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಹೇಗೋ ಇದ್ದೇವೆ. ಹೊಸನಗರದಲ್ಲಿ ನೀನೂ ನಿನ್ನ ಅತ್ತೆಯೂ ಸುಖವಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೇ ಬರೆಯಬೇಕಿತ್ತು. ಎರಡು ಕಾರ್ಡು ಬರೆದು ಹರಿದು ಹಾಕಿದೆ. ಬೈಯುವುದಿದ್ದರೆ ಎದುರಿಗೆ ಬಂದು ಬೈ, ಅದಕ್ಕೇ ಈ ಕಾಗದ.

ಹೊಳೆಗೆ ಹಾಕುತ್ತಿರುವ ಕಟ್ಟೆಯ ನೀರು ನಮ್ಮ ಅಂಗಳಕ್ಕೂ ಬರುತ್ತದಂತೆ, ಮನೆ ಬಿಡಬೇಕು. ಅಳತೆಗೆ ಬಂದ ಸಾಹೇಬರು "ಮನೆಗೆ ಎಷ್ಟು ವರ್ಷ ಆಯ್ತ್ರೀ?" ಎಂದರು. ವರ್ಷ ಯಾರು ಬರೆದಿಟ್ಟಿದ್ದಾರೆ? ನಗರದ ಕಡೆಯಿಂದ ಒಂದು ಜೊತೆ ಎತ್ತು ಹೊಡೆದುಕೊಂಡು ಬಂದ ಹುಲಿಯಪ್ಪಜ್ಜ ಕಟ್ಟಿದ್ದು, ಅವನ ಮಗ ಮಾರಪ್ಪಜ್ಜ ಹುಲ್ಲು ತೆಗೆದು ಹಂಚು ಹೊದಿಸಿದ್ದು ಎಂದೆ. ಸಾಹೇಬರು "ಹಳೇದು" ಎಂದು ಬರೆದುಕೊಂಡು ಎದ್ದರು.

ಹಂಚು ಇಳಿಸಿದ್ದಾಯಿತು. ಗಿರಿಯಪ್ಪನ ಗಾಡಿ ಹೊಸ ಜಾಗಕ್ಕೆ ನಾಲ್ಕು ಸಲ ಹೋಗಿ ಬಂತು. ನಡುಮನೆಯ ತೊಲೆ ಮಾತ್ರ ಉಳಿದಿದೆ, ಅದನ್ನು ಬಿಚ್ಚಿದರೆ ಮದುವೆಗೆ ಚಿತ್ತಾರ ಬರೆಯುವ ಹಸೆಗೋಡೆ ನಿಲ್ಲುವುದಿಲ್ಲ. ಮೊನ್ನೆ ಏಣಿ ತಾಗಿ ಆ ಗೋಡೆಯ ಒಂದು ಮೂಲೆ ರೊಟ್ಟಿಯ ಹಾಗೆ ಎದ್ದು ಬಂತು. ಒಂದೊಂದು ಪದರ ಕೆಮ್ಮಣ್ಣಿನ ಕೆಳಗೆ ಒಂದೊಂದು ಮದುವೆಯ ಹಸೆ: ನನ್ನದು, ಅದರಡಿ ಅಪ್ಪ ಅವ್ವನದು, ಅದರಡಿ ಕೆರಿಯಮ್ಮಜ್ಜಿಯದು. ಅಜ್ಜಿಯದರಲ್ಲಿ ಒಂದು ಗೆರೆಯೂ ಸೊಟ್ಟಗಿಲ್ಲ. ನನ್ನದನ್ನು ಬರೆದ ದುಗ್ಗಮ್ಮತ್ತೆಗೆ ಕೈ ನಡುಗುತ್ತಿತ್ತಲ್ಲ, ಮದುಮಕ್ಕಳು ಕೂತ ದಂಡಿಗೆಯೇ ಓರೆ! ನಗು ಬಂತು, ಆಮೇಲೆ ಅಲ್ಲೇ ಕೂತುಬಿಟ್ಟೆ. ಬಹಳ ದಣಿದಿದ್ದೇನೆ ಗುತ್ಯಮ್ಮ.

ಎಲ್ಲಕ್ಕೂ ಮೇಲೆ, ಮೊದಲ ಪದರದಡಿಯಲ್ಲೇ, ನಿನ್ನ ಹಸೆ ಇದೆ. ಅಕ್ಕಿಹಿಟ್ಟಿನ ಬಿಳುಪು ಮಾಸಿಲ್ಲ.

ಮದುವೆಯ ಹಸೆ ತಾನಾಗಿ ಮಾಸಬೇಕು, ಇಲ್ಲವೇ ಮುಂದಿನ ಮದುವೆಗೆ ಮುಚ್ಚಬೇಕು, ನಡುವೆ ಕೈ ಹಚ್ಚುವಂತಿಲ್ಲ. ದುಗ್ಗಪ್ಪ ಭಾವ ತೀರಿಕೊಂಡ ಮೂರನೇ ತಿಂಗಳು ನೀನು ತವರಿಗೆ ಬಂದಾಗ ಗೋಡೆ ಬರಿದಾಗಿತ್ತು. "ನನ್ನ ಹಸೆ ಅಪಶಕುನ ಆಯ್ತಾ ಅತ್ಗೆ?" ಎಂದು ನೀನು ನಮ್ಮ ಹುಲಿಯಮ್ಮನನ್ನು ಕೇಳಿದೆ. ಅವಳು ತಲೆ ತಗ್ಗಿಸಿದಳು. ನೀನು ನೀರನ್ನೂ ಮುಟ್ಟದೆ ತಿರುಗಿ ಹೋದೆ. ಹನ್ನೊಂದು ವರ್ಷವಾಯಿತು.

ಈಗ ಅದೇ ಅತ್ತಿಗೆ ತೊಲೆ ಬಿಚ್ಚಲು ಬಿಡುತ್ತಿಲ್ಲ. "ಗುತ್ಯಮ್ಮ ಒಂದ್ಸಲ ಬಂದು ನೋಡ್ಕಂಡು ಹೋಗ್ಲಿ. ಆಮೇಲೆ ಬೇಕಾದ್ರೆ ನನ್ನೂ ಗಾಡಿಗೆ ಹಾಕಿ" ಎನ್ನುತ್ತಾಳೆ. ಗಿರಿಯಪ್ಪನನ್ನು ಹದಿನೆಂಟರವರೆಗೆ ತಡೆದಿದ್ದೇನೆ. ಅದಕ್ಕಿಂತ ಹೆಚ್ಚು ಆಗದು. ಹದಿನಾರನೇ ತಾರೀಕು ಶನಿವಾರ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯ ತನಕ ಕಾಯುತ್ತೇನೆ.

ನಿನ್ನ ಅತ್ತೆಗೆ ನಮಸ್ಕಾರ ಹೇಳು. ಎಲ್ಲಿದ್ದರೂ ತಣ್ಣಗಿರು ತಾಯಿ.

ಇತಿ ನಿನ್ನ ಅಣ್ಣ,
ಕನ್ನಪ್ಪ

ಕಾಗದ ಮಡಚಿ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆ ಕೆಮ್ಮಣ್ಣು ಬಳಿದವನು ನಾನು. ಭಾವನನ್ನು ಮಣ್ಣು ಮಾಡಿ ಬಂದ ದಿನ ನಿಮ್ಮಿಬ್ಬರ ಹಸೆ ಎದುರಿಗಿತ್ತು. ನೋಡಲಾಗಲಿಲ್ಲ, ಬಳಿದುಬಿಟ್ಟೆ. ನೀನು ಬಂದು ಕೇಳಿದಾಗ ನಾನು ಜಗಲಿಯಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ನೀನು ಹೋದಮೇಲೆ ನಿಜ ಹೇಳಿ ಬರುತ್ತೇನೆಂದು ಹೊರಟೆ. ಹುಲಿಯಮ್ಮ ಬಾಗಿಲಿಗೆ ಅಡ್ಡ ನಿಂತಳು. "ನನ್ ಮ್ಯಾಲೇ ಸಿಟ್ಟಿರ್ಲಿ ಬಿಡಿ. ಅಣ್ಣನ ಮ್ಯಾಲೆ ಸಿಟ್ಟಾದ್ರೆ ಆ ಹುಡ್ಗಿಗೆ ತವರೇ ಇಲ್ದಂಗಾಗ್ತದೆ" ಎಂದಳು. ನನಗೂ ಅದೇ ಸುಲಭವಾಯಿತು. ಬಂದರೆ ಮೊದಲು ಅವಳನ್ನು ಮಾತಾಡಿಸು.