ಪಿಪೆಟ್‌ಗೆ ಸಿಕ್ಕವು

ಫೆಬ್ರವರಿ 3, ಸಂಜೆ 5

ಇವತ್ತು ನೂರು ನೋಡಿದೆ. ಇಪ್ಪತ್ತೆರಡರಲ್ಲಿ ಹುಳು. ಬಲಗಣ್ಣು ಉರಿ.

ಕೋಪಿಪಾಡ್ — ಸಮುದ್ರದ ನೀರಿನಲ್ಲಿರುವುದು, ಸೀಗಡಿಯ ದೂರದ ನೆಂಟ, ಸಾಸಿವೆಗಿಂತ ಸಣ್ಣದು. ಅದರೊಳಗೆ ಇನ್ನೊಬ್ಬ ನೆಂಟ, ಕರೆಯದೆ ಬಂದವನು: ಹುಳುವಿನ ಮರಿ, ಸುರುಳಿ ಸುತ್ತಿ ಮಲಗಿರುತ್ತದೆ. ಮೀನು ಇದನ್ನು ನುಂಗಿದರೆ ಹುಳು ಮೀನಿಗೆ. ಅಕ್ಕನ ಪಿಎಚ್‌ಡಿ ಇಷ್ಟೇ, ನೂರಕ್ಕೆ ಎಷ್ಟರಲ್ಲಿ ಹುಳು.

ಎಣಿಸುವುದು ನಾನು. ಅವಳಿಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಐದೇ ನಿಮಿಷಕ್ಕೆ ತಲೆಸುತ್ತು. ಅವಳ ಗೈಡ್ ಮೇಡಂಗೆ ಇದು ಗೊತ್ತಿಲ್ಲ. ಅವರ ಪಾಲಿಗೆ ನಾನು ಗಾಜು ತೊಳೆಯುವವಳು, ಹತ್ತನೇ ಕ್ಲಾಸು ಮುಗಿಸದವಳು. ಎಲ್ಲೂ ಕೂತಲ್ಲಿ ಕೂರುವವಳಲ್ಲ ನಾನು. ಇಲ್ಲಿ ಕೂರುತ್ತೇನೆ... ಯಾಕೋ.

ಫೆಬ್ರವರಿ 5

ಅಕ್ಕ ಕೊನೆಯ ಅಧ್ಯಾಯ ಟೈಪ್ ಮಾಡುತ್ತಿದ್ದಾಳೆ. ಇಪ್ಪತ್ತೆಂಟಕ್ಕೆ ಸಲ್ಲಿಸಬೇಕು. ನಾಲ್ಕು ವರ್ಷದ ಕೆಲಸ. ಇನ್ನೂ ಹುಳ ಎಣಿಸೋದು ಮುಗಿದಿಲ್ಲವಾ ಅಂತ ಅಮ್ಮ ಫೋನಿನಲ್ಲಿ ಕೇಳಿದಳು. ಹುಳ ಮುಗಿದರೆ ತಾನೆ, ಅಂದೆ.

ಫೆಬ್ರವರಿ 9

ಪಿಪೆಟ್ — ಒಂದೊಂದನ್ನೇ ನೀರಿನಿಂದ ಹೀರಿ ಎತ್ತುವ ಗಾಜಿನ ಕೊಳವೆ — ಕೈಜಾರಿ ಒಡೆಯಿತು. ಸುಮ್ಮನಿರಲಾಗಲಿಲ್ಲ. ಬೀಕರಿನ ನೀರನ್ನೆಲ್ಲ ಸಣ್ಣ ಜಾಲರಿಗೆ ಸುರಿದು, ಒಂದನ್ನೂ ಬಿಡದೆ ನೋಡಿದೆ. ಇನ್ನೂರ ಹನ್ನೊಂದು. ಹುಳು ಇದ್ದದ್ದು ಐದರಲ್ಲಿ.

ಮತ್ತೆ ನೋಡಿದೆ. ಐದೇ.

ಫೆಬ್ರವರಿ 10, ಬೆಳಿಗ್ಗೆ 11

ಗೊತ್ತಾಯಿತು. ಪಕ್ಕದ ರೂಮಿನಿಂದ ಪಿಪೆಟ್ ತಂದು, ಹಿಡಿಯುವ ಮೊದಲು ಒಂದು ಗಂಟೆ ಬರೀ ನೋಡಿದೆ. ತುದಿ ಹತ್ತಿರ ಬಂದರೆ ಗಟ್ಟಿಮುಟ್ಟಾದವು ಚಿಮ್ಮಿ ಪರಾರಿ. ಹುಳು ಹೊತ್ತವು ಮಂಕು. ಇದ್ದಲ್ಲೇ ತೇಲುತ್ತಾ ಸಿಕ್ಕಿಬೀಳುತ್ತವೆ. ಎರಡು ವರ್ಷ ನಾನು ಎಣಿಸಿದ್ದು ಓಡಲಾರದವನ್ನು.

ಅಕ್ಕನ ಪ್ರತಿ ಕೋಷ್ಟಕವೂ ತಪ್ಪು. ನನ್ನಿಂದ.

ಸಂಜೆ

ಹೇಳಿದೆ. ಮೊದಲು ನಕ್ಕಳು, ತಮಾಷೆ ಅಂದುಕೊಂಡು. ಎಣಿಕೆ ಪುಸ್ತಕ ನೋಡಿದ ಮೇಲೆ ಮುಖ ಬಿಳಿಚಿಕೊಂಡಿತು. ಯಾರಿಗಾದರೂ ಹೇಳಿದೆಯಾ ಅಂದಳು. ಇಲ್ಲ ಅಂದೆ.

"ಹೇಳ್ಬೇಡ. ಸ್ಕೂಲು ಬಿಟ್ಟವಳು ನೀನು, ನಿಂಗೆ ಬಿಡೋದು ಸಲೀಸು. ನಂಗೆ ಹಾಗಲ್ಲ ಕಣೇ."

ಒಂದು ವಾರ ನೋಡುತ್ತೇನೆ, ಆಮೇಲೆ ನಾನೇ ಮೇಡಂಗೆ ಹೇಳುತ್ತೇನೆ, ಅಂದೆ. ಹೇಳುವಾಗ ಧ್ವನಿ ಗಟ್ಟಿಯಾಗಿತ್ತು. ಬಚ್ಚಲಿಗೆ ಹೋಗಿ ಅತ್ತೆ.

ಫೆಬ್ರವರಿ 13

ಒಂದೇ ಕೋಣೆ, ಎರಡು ಮಂಚ, ನಡುವೆ ಒಂದು ಮೊಳ ಜಾಗ. ಅಕ್ಕ ಬಾಚಣಿಗೆ ಬೇಕಾದರೂ ನನ್ನನ್ನು ಕೇಳದೆ, ದಾಟಿ ತಾನೇ ತೆಗೆದುಕೊಳ್ಳುತ್ತಾಳೆ. ಕ್ಷಮಿಸು ಅನ್ನಬೇಕೆನಿಸುತ್ತದೆ. ಆದರೆ ಹೇಳಿದ್ದಕ್ಕಲ್ಲ, ತಪ್ಪು ಎಣಿಸಿದ್ದಕ್ಕೆ. ಅವೆರಡನ್ನೂ ಅವಳು ಬೇರೆ ಬೇರೆ ಮಾಡಿ ಕೇಳಿಸಿಕೊಳ್ಳುವುದಿಲ್ಲ.

ಫೆಬ್ರವರಿ 17, ಬೆಳಿಗ್ಗೆ 10.20

ಮೇಡಂ ಕೋಣೆಯ ಹೊರಗಿನ ಬೆಂಚು. ಹೇಳಲೆಂದೇ ಬಂದೆ. ನನಗಿಂತ ಮೊದಲು ಅಕ್ಕ ಒಳಗಿದ್ದಾಳೆ. ಬಾಗಿಲು ಪೂರ್ತಿ ಹಾಕಿಲ್ಲ.

ಎಲ್ಲ ಹೇಳುತ್ತಿದ್ದಾಳೆ. ಪಿಪೆಟ್, ಜಾಲರಿ, ಐದು. ಮೊದಲಿಂದ ಎಣಿಸುತ್ತೇನೆ, ಒಂದು ವರ್ಷ ಕೊಡಿ ಅನ್ನುತ್ತಿದ್ದಾಳೆ. ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು — ಅರ್ಧ ನಿಮಿಷ. ಆಮೇಲೆ ಮೇಡಂ ಕೇಳಿದರು, ಎಣಿಸಿದ್ದು ಯಾರು?

"ನಾನೇ ಮೇಡಂ. ಪ್ರತಿಯೊಂದೂ."

ಮೇಡಂ ಮುಂದಿರುವ ಎಣಿಕೆ ಪುಸ್ತಕದ ತುಂಬ ನನ್ನ ಕೈಬರಹ. ಹಾಳೆ ತಿರುವುವ ಸದ್ದು ಕೇಳಿಸುತ್ತಿದೆ. ನಿಂತಿತು.

ಮೇಡಂ ನನ್ನನ್ನು ಒಳಗೆ ಕರೆಯುತ್ತಿದ್ದಾರೆ. ಅಕ್ಕ ಬಾಗಿಲಿಗೆ ಬಂದಿದ್ದಾಳೆ, ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸುತ್ತಿದ್ದಾಳೆ, ಬೇಡ ಅಂತ. ಈ ಕೈಬರಹ ಯಾರದು ಅಂತ ಕೇಳಿದರೆ ನಾನು —